ಸೆರಗಿಗೊಂದು ದೀಪದ ಕಂಬ

ದೊಡ್ಡಬಳ್ಳಾಪುರ, ಹೊರಡುವ ಮುಂಚೆ

ನಮ್ಮ ಮನೆ ಮೇಲೆ ದಿನಾ ವಿಮಾನ ಹೋಗುತ್ತೆ. ದೇವನಹಳ್ಳಿಯಲ್ಲಿ ಎದ್ದು ನಮ್ಮ ಕಡೆ ತಿರುಗಿದರೆ ಮಗ್ಗದ ಸದ್ದನ್ನೂ ಮೀರಿಸುತ್ತೆ. ಅಮ್ಮ ನೂಲಿನ ಕಂಡಿಕೆ ಸುತ್ತೋ ಕೈ ನಿಲ್ಲಿಸದೆ ತಲೆ ಮಾತ್ರ ಎತ್ತಿ, "ಯಾರ್ಯಾರೋ ಹೋಗ್ತಾರೆ" ಅಂತಾಳೆ. ಆ ಯಾರ್ಯಾರೋ ಪೈಕಿ ನಾವೂ ಒಂದು ದಿನ ಸೇರಿಕೊಂಡದ್ದು ಒಂದು ಸೀರೆ ಸೆರಗಿನ ದೆಸೆಯಿಂದ.

ನಮ್ಮ ವಂಶದಲ್ಲಿ ಡಿಗ್ರಿ ಅಂತ ಮೊದಲು ಮಾಡಿದವಳು ನಾನು. ಮಡಿಲಲ್ಲಿ ಪುಸ್ತಕ, ಕೈಯಲ್ಲಿ ನೂಲು ಇಟ್ಟುಕೊಂಡು ಓದಿದ ಡಿಗ್ರಿ. ಬಾಗಿಲ ಮೇಲಿನ ಹೆಸರಿನ ಪಕ್ಕ ಬಿ.ಎ., ಬಿ.ಎಡ್. ಅಂತ ಕೆತ್ತಿಸಿದ್ದೀನಿ. ಜಂಬಕ್ಕೇ ಕೆತ್ತಿಸಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ. ತ್ಯಾಮಗೊಂಡ್ಲು ಕಡೆಯ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ತಮ್ಮ ಮಂಜ ಓದಲಿಲ್ಲ, ಅಪ್ಪನ ನಾಲ್ಕು ಮಗ್ಗ ನೋಡಿಕೊಂಡ.

ಆ ನಾಲ್ಕರಲ್ಲಿ ಎರಡು ಹೋದ ವರ್ಷ ನಿಂತವು. ಮೇಲೆ ಮಂಜ ಹಳೇ ಪಂಚೆ ಹೊದಿಸಿಬಿಟ್ಟಿದ್ದ. ಮನೆಯೊಳಗೆ ಯಾರೋ ಮಲಗಿರೋ ಹಾಗೆ ಕಾಣೋದು. ನವಿಲು, ಮಾವಿನಕಾಯಿ, ಮತ್ತೆ ನವಿಲು, ಇದನ್ನೇ ಎಷ್ಟು ದಿನ ತರ್ತೀಯಪ್ಪಾ ಅಂತ ನಮ್ಮ ಸೀರೆ ಕೊಳ್ಳೋ ಚಿಕ್ಕಪೇಟೆ ಸಾವ್ಕಾರರು ಕೇಳಿದ್ದರಂತೆ. ವರಮಹಾಲಕ್ಷ್ಮಿ ಹಬ್ಬದೊಳಗೆ ಯಾರ ಹತ್ತಿರಾನೂ ಇಲ್ಲದ ಸೆರಗು ತಂದರೆ ನಾಲ್ಕು ಮಗ್ಗಕ್ಕೂ ಕೆಲಸ ಕೊಡ್ತೀನಿ, ಇಲ್ಲದಿದ್ದರೆ ಆ ಎರಡನ್ನ ಮಾರಿಬಿಡು ಅಂದರಂತೆ. ಊಟಕ್ಕೆ ಕೂತಾಗ ಮಂಜ ನನ್ನ ಮುಖ ನೋಡಿದ.

"ಓದಿದೋಳು ನೀನು. ಏನಾದ್ರೂ ಹೇಳಕ್ಕ."

ಈ ಮಾತು ಕೇಳಿದರೆ ನನಗೆ ತಡೆಯೋಕಾಗಲ್ಲ. ಪಾಠದ ಪುಸ್ತಕದಲ್ಲಿ ಒಂದು ಚಿತ್ರ ಇದೆ, ಕಡಲ ತೀರದ ದೀಪಸ್ತಂಭ, ಪಕ್ಕದಲ್ಲಿ ಹುಟ್ಟುತ್ತಿರೋ ಸೂರ್ಯ. ಅದನ್ನ ಸೆರಗಿಗೆ ಹಾಕು, ಜರಿಯಲ್ಲಿ ಕಿರಣ ಬಿಡಿಸು, ನಾನೇ ಹೋಗಿ ಫೋಟೋ ತೆಗೆದುಕೊಂಡು ಬರ್ತೀನಿ ಅಂದುಬಿಟ್ಟೆ. ಮೂಲೆಯಲ್ಲಿ ಮಜ್ಜಿಗೆ ಕುಡೀತಿದ್ದ ಚಿಕ್ಕಪ್ಪ ಲೋಟ ಕೆಳಗಿಟ್ಟರು.

"ಲೈಟು ಕಂಬ ಉಟ್ಕೊಂಡು ಯಾರಮ್ಮ ಮದ್ವೆಗೆ ಹೋಗ್ತಾರೆ?"

ಆಮೇಲೆ ಹಿಂದಕ್ಕೆ ಸರಿಯೋ ಹಾಗೇ ಇರಲಿಲ್ಲ. ಮಂಗಳೂರಿಗೆ ಹೋಗಿ ಬಾ ಅಂದರು. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರದ ಕಡೆ ಮುಳುಗ್ತಾನೆ, ಹುಟ್ಟಲ್ಲ ಅಂತ ಪಾಠ ಮಾಡಿದೆ. ಹಾಗಾದರೆ ಮದ್ರಾಸು ಅಂದ ಮಂಜ. ಅದಕ್ಕೆ ನನ್ನ ಹತ್ತಿರ ಭೂಗೋಳದ ಉತ್ತರ ಇರಲಿಲ್ಲ. ಸ್ಟಾಫ್ ರೂಮಲ್ಲಿ ಎಲ್ಲರೂ ಒಂದಲ್ಲ ಒಂದು ದೇಶ ನೋಡಿ ಬಂದಿದ್ದರು, ನಾನು ಮ್ಯಾಪಿನ ಮೇಲೆ ಮಾತ್ರ ಕೋಲಿಟ್ಟು ತೋರಿಸಿದವಳು. ಬೇಸಿಗೆ ರಜೆಗೆ ಶ್ರೀಲಂಕಾ ಅಂತ ಗೊತ್ತುಮಾಡಿದೆ. ನಮ್ಮ ಯಜಮಾನರಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಅಮ್ಮ, "ನಾನು ಬರ್ತೀನಿ ಕಣೇ, ನಂಗೆ ಯಾವ ರಜಾನೂ ಬೇಕಿಲ್ಲ" ಅಂದಳು.

ಮದುವೆ ಫೋಟೋ ತೆಗೆಯೋ ನಮ್ಮ ಬೀದಿಯ ರಘು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಕೊಟ್ಟ. ನನ್ನ ಕೈ ನಡುಗುತ್ತೆ ಅಂತ, ಬಟನ್ ಒತ್ತಿ ಕೈ ತೆಗೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಾನಾಗೇ ಸಾಲಾಗಿ ಫೋಟೋ ತೆಗೆಯೋ ಹಾಗೆ ಸೆಟ್ ಮಾಡಿದ. ಮಂಜನ ಅಪ್ಪಣೆ ಬೇರೆ. ಕಂಬ ನೆಟ್ಟಗಿರಬೇಕು, ಸೂರ್ಯ ಪಕ್ಕದಲ್ಲಿರಬೇಕು, ಜನ ಮಾತ್ರ ಇರಲೇಬಾರದು. ಜನ ಬಂದರೆ ಡಿಜೈನು ಗಲೀಜಾಗುತ್ತೆ.

ದೇವನಹಳ್ಳಿ

ಏರ್‌ಪೋರ್ಟಲ್ಲಿ ಅಮ್ಮನ ಸೊಂಟದಿಂದ ಒಂದು ಕತ್ತರಿ ಸಿಕ್ಕಿತು. ನೂಲು ಕತ್ತರಿಸೋ ಬೆರಳುದ್ದದ ಕತ್ತರಿ. ನಮ್ಮ ಕಡೆ ಹೆಂಗಸರು ಮನೆ ಬೀಗದ ಕೈ ಮರೆತರೂ ಇದನ್ನ ಮರೆಯಲ್ಲ. ತಪಾಸಣೆ ಹುಡುಗಿ ಇದ್ಯಾಕಮ್ಮ ಅಂದಳು. ಎಲ್ಲಾದರೂ ನೂಲು ಎದ್ದಿದ್ದರೆ ಅಂದಳು ಅಮ್ಮ. ವಿಮಾನದಲ್ಲಿ ನೂಲು ಏಳಲ್ಲ ಅಂತ ಆ ಹುಡುಗಿ ಸಮಾಧಾನವಾಗಿ ಹೇಳಿ ಕತ್ತರಿ ಇಟ್ಟುಕೊಂಡಳು. ಅಮ್ಮ ಅವಳ ತೋಳಿನ ಹೊಲಿಗೆ ಬಿಟ್ಟಿರೋದನ್ನ ನೋಡಿ, "ಇವಳಿಗೇ ಬೇಕಿತ್ತು ಅನ್ಸುತ್ತೆ, ಇಟ್ಕೊಳ್ಳಲಿ" ಅಂತ ಮುಂದೆ ಬಂದಳು.

ವಿಮಾನದಲ್ಲಿ ಕಿಟಕಿ ಸೀಟು ಅವಳಿಗೇ. ಹೊರಡೋವಾಗ ಮಂಜನಿಗೆ ಒಂದು ಕೆಲಸ ಹೇಳಿದ್ದಳಂತೆ. ತಾರಸಿ ಮೇಲೆ ಅವಳ ಕೆಂಪು ರೇಷ್ಮೆ ಸೀರೆ ಹರಡಬೇಕು, ಮೇಲಿಂದ ಗುರುತು ಹಿಡಿಯೋಕೆ. ಅಷ್ಟು ಚೆಂದದ ಸೀರೆ ಬಿಸಿಲಿಗೆ ಬಣ್ಣ ಬಿಡುತ್ತೆ ಅಂತ ಅವನಂದರೆ, "ಒಂದ್ಸಲ ಹೋಗೋದು, ಬಿಡ್ಲಿ ಬಿಡು" ಅಂದಳಂತೆ. ವಿಮಾನ ಎದ್ದಿತು. ಅಮ್ಮ ಗಾಜಿಗೆ ಹಣೆ ಅಂಟಿಸಿಕೊಂಡು ಕೂತಳು. ಕೆಳಗೆ ದ್ರಾಕ್ಷಿ ತೋಟ, ಲೇಔಟು, ಕೆಂಪು ಮಣ್ಣು. ವಿಮಾನ ನಮ್ಮ ಊರಿನ ಕಡೆ ತಿರುಗಲೇ ಇಲ್ಲ ಅಂತ ನನ್ನ ಭೂಗೋಳ ಹೇಳ್ತಿತ್ತು. ಅಷ್ಟರಲ್ಲಿ ಅಮ್ಮ, "ಅಗೋ, ಕಾಣ್ತು" ಅಂದಳು. ಎಲ್ಲಿ ಅಂತ ಕೇಳಿದರೆ, ಹೋಯ್ತು, ನೀನು ಬೇಗ ನೋಡಬೇಕಿತ್ತು ಅಂದಳು.

ಗಾಲೆ, ಮೊದಲ ಸಂಜೆ

ಶ್ರೀಲಂಕಾದ ದಕ್ಷಿಣದ ತುದಿಯ ಹತ್ತಿರ ಗಾಲೆ. ಕೋಟೆಯೊಳಗೇ ಒಂದು ಊರು, ಕೋಟೆ ಗೋಡೆಯ ಮೂಲೆಯಲ್ಲಿ ಸುತ್ತ ತೆಂಗಿನ ಮರ ಇಟ್ಟುಕೊಂಡು ಬೆಳ್ಳಗೆ ನಿಂತಿರೋ ದೀಪಸ್ತಂಭ. ನಾವು ಇಳಿದ ಮನೆಯ ಯಜಮಾನಿ ಹೆಸರು ಕುಸುಮಾ. ನಮ್ಮ ಬೀದಿಯಲ್ಲೇ ಇಬ್ಬರು ಕುಸುಮಾ ಇದ್ದಾರೆ, ಇದಕ್ಕಾ ಪಾಸ್‌ಪೋರ್ಟ್ ಮಾಡಿಸಿದ್ದು ಅನ್ನೋ ಹಾಗೆ ಅಮ್ಮ ನನ್ನ ಕಡೆ ನೋಡಿದಳು. ಆಕೆ ಕೈಮುಗಿದು "ಆಯುಬೋವನ್" ಅಂದರು. ಆಯಸ್ಸು ಹೆಚ್ಚಲಿ ಅಂತ ಅರ್ಥವಂತೆ. ಅಮ್ಮ, "ನಿಂಗೂ ಹೆಚ್ಚಲಿ ತಾಯಿ" ಅಂತ ಕನ್ನಡದಲ್ಲೇ ಹರಸಿದಳು. ಅಲ್ಲಿಂದ ಮುಂದಕ್ಕೆ, ಅಡುಗೆ ವಿಷಯ ಬಿಟ್ಟರೆ, ಅವರಿಬ್ಬರ ನಡುವೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

ತಿಂಡಿಗೆ ಕೊಟ್ಟದ್ದು ನಮ್ಮ ಒತ್ತು ಶಾವಿಗೇನೇ, ತಟ್ಟೆ ಅಗಲಕ್ಕೆ ಸುತ್ತಿಟ್ಟದ್ದು. ಜೊತೆಗೆ ಕೆಂಪಗಿನ ಕಾಯಿ ಚಟ್ನಿ. ಅಮ್ಮ ಎರಡು ಸಲ ಹಾಕಿಸಿಕೊಂಡು, ಇಷ್ಟು ರುಚಿ ಹೇಗೆ ಬಂತು ಅಂತ ನನ್ನ ಕೈಲಿ ಕೇಳಿಸಿದಳು. ಒಣಮೀನು ಪುಡಿ ಅಂದರು ಕುಸುಮಾ. ಅವತ್ತು ಸೋಮವಾರ. ಸೋಮವಾರ ಅಮ್ಮ ಮೊಟ್ಟೆ ಮುಟ್ಟಿದ ಚಮಚಾನೂ ಮುಟ್ಟಲ್ಲ. ತಟ್ಟೆಯನ್ನ ನನ್ನ ಕಡೆ ತಳ್ಳಿದಳು. "ಹೇಗೂ ಕೆಟ್ಟೋಯ್ತು, ಇನ್ನೊಂಚೂರು ಹಾಕೋಕೆ ಹೇಳು" ಅಂದಳು.

ನಿಮಲ್ ಅಂತ ಆಟೋದವನು ಸಿಕ್ಕಿದ. ಅವನಿಗೆ ಚೂರುಪಾರು ತಮಿಳು ಬರೋದು, ಅಮ್ಮನಿಗೆ ನೂಲು ವ್ಯಾಪಾರದಲ್ಲಿ ಕಲಿತ ಸೇಲಂ ತಮಿಳು. ಅಲ್ಲಿಯ ಆಟೋದವರು ದೂರ ಹೋಗೋವಾಗ ರಸ್ತೆ ಬದಿ ಬುದ್ಧನ ಗುಡಿ ಮುಂದೆ ನಿಲ್ಲಿಸಿ ಹುಂಡಿಗೆ ಚಿಲ್ಲರೆ ಹಾಕಿ ಮುಂದಕ್ಕೆ ಹೋಗ್ತಾರೆ. ಅಮ್ಮ ನಮ್ಮ ರೂಪಾಯಿ ಹಾಕಿದಳು. ನಡೆಯುತ್ತಾ ಅಂತ ಕೇಳಿದರೆ, ದೇವರು ಬದಲಾಯಿಸಿಕೊಳ್ತಾನೆ ಅಂದಳು.

ಸಂಜೆ ದೀಪಸ್ತಂಭದ ಜಾಗ ನೋಡಿಕೊಂಡು ಬರೋಣ ಅಂತ ಹೋದೆವು. ಕೋಟೆ ಗೋಡೆ ಮೇಲೆ ಜನ ಗಾಳಿಪಟ ಬಿಡ್ತಾ, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಾ ಕೂತಿದ್ದರು. ಅಮ್ಮ ಕಂಬವನ್ನ ಬುಡದಿಂದ ತುದಿವರೆಗೆ ನೋಡಿ, ಎಣ್ಣೆ ಯಾರು ಹಾಕ್ತಾರೆ ಅಂತ ಕೇಳಿದಳು. ಕರೆಂಟು ಅಂದ ನಿಮಲ್. ಕರೆಂಟು ಹೋದರೆ? ಅದಕ್ಕೂ ಏನೋ ಏರ್ಪಾಡು ಇರುತ್ತೆ ಅಂದ. ದಿನಾ ಕರೆಂಟು ಹೋಗೋ ದೊಡ್ಡಬಳ್ಳಾಪುರದವರಿಗೆ ಇದಕ್ಕಿಂತ ದೊಡ್ಡ ದೇವರ ಮಹಿಮೆ ಇಲ್ಲ. ಅಷ್ಟರಲ್ಲಿ ಮೇಲೆ ದೀಪ ಹತ್ತಿತು. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ನನ್ನ ಕೈಯೂ ಮೇಲಕ್ಕೆ ಹೋಗಿತ್ತು.

ಇದೊಂದು ಹೇಳಬೇಕು. ಮಗ್ಗದ ಮನೆಯಲ್ಲಿ ಕರೆಂಟು ಹೋಗಿ ಬಂದರೆ ನಾವು ಮೊದಲು ಟ್ಯೂಬ್‌ಲೈಟಿಗೆ ಕೈ ಮುಗೀತೀವಿ, ಆಮೇಲೆ ಮಗ್ಗದ ಸ್ವಿಚ್ಚು. ಯಾರೂ ಕಲಿಸಿದ್ದಲ್ಲ. ನಾನು ಸ್ಕೂಲಲ್ಲಿ ಪ್ರೊಜೆಕ್ಟರ್ ಹತ್ತಿದಾಗಲೂ ಮುಗಿದಿದ್ದೀನಿ, ಮಕ್ಕಳು ನಕ್ಕಿದ್ದಾರೆ.

ಮೊದಲನೇ ಬೆಳಗು

ಇನ್ನೂ ಮಸುಕಿರುವಾಗಲೇ ಸ್ಟ್ಯಾಂಡು ಹೊತ್ತುಕೊಂಡು ಹೋದೆವು. ಕೋಟೆ ಗೋಡೆಯಲ್ಲಿ ನಾನು ಸಂಜೆ ಗುರುತು ಮಾಡಿಟ್ಟಿದ್ದ ಜಾಗದಲ್ಲಿ ಒಂದು ಮದುವೆ ನಿಂತಿತ್ತು. ಮದುವೆ ಅಂದರೆ ಹೆಣ್ಣು, ಗಂಡು, ಅವರ ಫೋಟೋದವರ ದಂಡು, ಬಿಳೀ ಕೊಡೆ, ದೀಪ. ಅಲ್ಲಿ ಜೋಡಿಗಳು ಹೀಗೆ ಬೆಳಗಾಗೆದ್ದು ದೀಪಸ್ತಂಭದ ಮುಂದೆ ಫೋಟೋ ತೆಗೆಸಿಕೊಳ್ಳೋದು ರೂಢಿಯಂತೆ. ಹೊಸಕೋಟೆ ಕಡೆ ರೆಸಾರ್ಟುಗಳಲ್ಲಿ ನಮ್ಮ ಹುಡುಗ ಹುಡುಗೀರು ಹೊಗೆ ಬಿಟ್ಟುಕೊಂಡು ಕುಣಿಯೋದಕ್ಕಿಂತ ಮರ್ಯಾದಸ್ತ ಕೆಲಸ. ಅವರ ಫೋಟೋದವನು ಬಹಳ ವಿನಯದಿಂದ, ಮೊದಲ ಬೆಳಕು ನಮಗೆ ಬಿಡಿ, ಆಮೇಲೆ ಜಾಗ ನಿಮ್ಮದು ಅಂದ. ಪಕ್ಕಕ್ಕೆ ಸರಿದರೂ ಕಂಬ ಸಿಗ್ತಿತ್ತು. ಆಗಲಿ ಅಂದು ಸ್ಟ್ಯಾಂಡು ಹೂಡಿದೆ.

ಆ ಹೆಣ್ಣು ಉಟ್ಟಿದ್ದು ಸೊಂಟದಲ್ಲಿ ನೆರಿಗೆ ಚಿಮ್ಮೋ ಅವರ ಕಡೆಯ ಸೀರೆ, ಬಿಳಿಗೆ ಬೆಳ್ಳಿ ಜರಿ. ನನ್ನ ಪಕ್ಕ ಅಮ್ಮ ಕಾಣಲಿಲ್ಲ. ತಿರುಗಿ ನೋಡಿದರೆ ಕೊಡೆ, ದೀಪ ಎಲ್ಲ ದಾಟಿಕೊಂಡು ಹೆಣ್ಣಿನ ಹಿಂದೆ ನಿಂತಿದ್ದಾಳೆ. ನೇಕಾರರು ಸೀರೆಯ ಮುಖ ನೋಡಲ್ಲ, ಬೆನ್ನು ನೋಡ್ತಾರೆ. ಮಗ್ಗದ ಮೇಲೆ ನಮ್ಮ ಸೀರೆ ಬೋರಲಾಗೇ ಇರುತ್ತೆ, ಮುಖ ನೋಡಬೇಕಾದರೆ ಕೆಳಗೆ ಕನ್ನಡಿ ಹಿಡೀಬೇಕು. ಹಾಗಾಗಿ ಕೆಲಸದ ಸತ್ಯ ಗೊತ್ತಾಗೋದು ಬೆನ್ನಲ್ಲೇ. ಅಮ್ಮ ಆ ಮದುಮಗಳ ಸೆರಗು ಎತ್ತಿ, ಮಗುಚಿ, ಬೆಳಕಿಗೆ ಹಿಡಿದಳು. ಹುಡುಗಿ ಬೆಚ್ಚಿ ತಿರುಗಿದಳು. ಮದುಮಗ ಒಂದು ಹೆಜ್ಜೆ ಮುಂದೆ ಬಂದ. ಅಮ್ಮನಿಗೆ ಅಂಚಲ್ಲಿ ಒಂದು ನೂಲು ಎದ್ದಿರೋದು ಕಂಡಿತ್ತು. ಕತ್ತರಿ ದೇವನಹಳ್ಳಿಯಲ್ಲಿತ್ತು. ಬಗ್ಗಿ ಹಲ್ಲಲ್ಲೇ ಕಚ್ಚಿ ಕತ್ತರಿಸಿದಳು.

ನಾನು ಓಡಿದೆ. ಸಾರಿ ಅಂದೆ, ಶಿ ಈಸ್ ವೀವರ್ ಅಂದೆ, ನನ್ನ ಪದವಿಯಲ್ಲಿ ಕಲಿತ ಇಂಗ್ಲಿಷ್ ಪೂರ್ತಿ ಅಲ್ಲೇ ಸುರಿದೆ. ಗಂಡಿನ ಅಕ್ಕ ಇನ್ನೊಂದು ಕಡೆಯಿಂದ ಸಿಂಹಳದಲ್ಲಿ ಏನೋ ಜೋರು ಮಾಡ್ತಿದ್ದರು. ಅಮ್ಮ ಮಾತ್ರ ಹೆಣ್ಣಿನ ಕೆನ್ನೆ ಸವರಿ, "ಒಳ್ಳೇ ಕೆಲಸ ಕಣಮ್ಮ, ಬೆನ್ನೂ ಮುಖದ ಹಾಗೇ ಇದೆ, ಬಾಳಿಕೆ ಬರುತ್ತೆ" ಅಂತ ಹೇಳ್ತಿದ್ದಳು. ಮಾತು ತಿಳೀದಿದ್ದರೂ ಆ ಹುಡುಗಿ ನಕ್ಕಳು. ಆಮೇಲೆ ಅಮ್ಮನನ್ನ ಪಕ್ಕ ನಿಲ್ಲಿಸಿಕೊಂಡು ಫೋಟೋನೂ ತೆಗೆಸಿಕೊಂಡಳು. ಯಾವುದೋ ಸಿಂಹಳದ ಆಲ್ಬಮ್ಮಿನಲ್ಲಿ ನಮ್ಮಮ್ಮ ಈಗಲೂ ಇದ್ದಾಳೆ.

ನಾನು ಕ್ಯಾಮೆರಾ ಹತ್ತಿರ ವಾಪಸ್ ಬರೋಷ್ಟರಲ್ಲಿ ಸೂರ್ಯ ಎರಡಾಳೆತ್ತರ ಬಂದು ಬೆಳ್ಳಗೆ ಕುಕ್ಕುತ್ತಿದ್ದ. ಆ ಬಿಳೀ ಬೆಳಕಲ್ಲಿ ಬಿಳೀ ಕಂಬ ಇತ್ತೋ ಇಲ್ಲವೋ ಫೋಟೋದಲ್ಲಿ ಗೊತ್ತಾಗಲಿಲ್ಲ.

ಮಂಜ ಫೋನು ಮಾಡಿದ. ಸಾವ್ಕಾರರ ಕಡೆಯವರು ಮಗ್ಗ ನೋಡೋಕೆ ಬಂದಿದ್ದರಂತೆ, ಪಂಚೆ ಎತ್ತಿ ನೋಡಿ ಹೋದರಂತೆ. "ಸಿಕ್ತಾ ಅಕ್ಕ?" ಅಂದ. ನಾಳೆ ಅಂದೆ. ನಾಡಿದ್ದು ನಾವು ಹೊರಡೋ ದಿನ, ಅಲ್ಲಿಂದ ಬೆಳಗಿನ ಜಾವಕ್ಕೇ ಬಸ್ಸು. ಇದ್ದದ್ದು ಒಂದೇ ಸೂರ್ಯ.

ಎರಡನೇ ಬೆಳಗು

ಹೊರಡೋ ಮುಂಚೆ ಅಮ್ಮನ ಹತ್ತಿರ ಮಾತು ತಗೊಂಡೆ. ಯಾರ ಸೆರಗೂ ಮುಟ್ಟಬಾರದು, ಕ್ಯಾಮೆರಾ ಹಿಂದೆ ಕಲ್ಲಿನ ಮೇಲೆ ಕೂರಬೇಕು, ನಾನು ಹೇಳೋವರೆಗೆ ಏಳಬಾರದು. "ನಿನ್ನ ಸ್ಕೂಲ್ ಮಕ್ಕಳ ಕಥೆ ಏನೋ ಪಾಪ" ಅಂತ ಹೋಗಿ ಕೂತಳು.

ಅವತ್ತು ಮದುವೆ ಇರಲಿಲ್ಲ, ಯಾರೂ ಇರಲಿಲ್ಲ. ಕೊಲ್ಲಿಯ ಆಚೆ ಗುಡ್ಡದ ಮೇಲೆ ಮಾತ್ರ ಕಪ್ಪು ಮೋಡ, ನಮ್ಮ ಮಗ್ಗದ ಮೇಲಿನ ಪಂಚೆ ಥರ. ಕಾದೆ. ಅರುಣೋದಯದ ಹೊತ್ತು ಮೀರಿತು. ನಿಮಲ್ ಆಕಾಶ ನೋಡಿ ತಲೆ ಆಡಿಸಿದ. ಅವರ ಕಡೆಯೂ ನಮ್ಮ ಹಾಗೇ ಹೌದು, ಇಲ್ಲ ಎರಡಕ್ಕೂ ಒಂದೇ ಥರ ತಲೆ ಆಡಿಸ್ತಾರೆ, ಹಾಗಾಗಿ ಏನು ಹೇಳಿದನೋ ತಿಳೀಲಿಲ್ಲ. ಚಿಕ್ಕಪ್ಪನ ಮುಖ ನೆನಪಾಯಿತು. ನಿಂತ ಮಗ್ಗ ಎರಡೂ ನೆನಪಾದವು. ಬಾಗಿಲ ಮೇಲಿನ ಬಿ.ಎ., ಬಿ.ಎಡ್. ಕೂಡ.

ಆಗ ಮೋಡದ ಬುಡದಲ್ಲಿ, ಗುಡ್ಡಕ್ಕೂ ಅದಕ್ಕೂ ನಡುವೆ, ಜರಿ ಅಂಚಿನಷ್ಟು ಸಂದು ಬಿಟ್ಟುಕೊಂಡಿತು. ಬಟನ್ ಒತ್ತಿ ಕೈ ತೆಗೆದೆ.

ಎದುರಿಗೆ ಅಮ್ಮ ನಡ್ಕೊಂಡು ಹೋಗ್ತಿದ್ದಳು. ಕೈಯಲ್ಲಿ ನೀರಿನ ಬಾಟಲು. ಸೂರ್ಯನಿಗೆ ಅರ್ಘ್ಯ ಬಿಡೋಕೆ ಹೊರಟಿದ್ದಾಳೆ, ಅವಳ ಲೆಕ್ಕಕ್ಕೆ ನಾನು ಹೇಳಿದ್ದು ಯಾರ ಸೆರಗೂ ಮುಟ್ಟಬೇಡ ಅಂತ ತಾನೇ. ಅಮ್ಮಾ ಬಾರೇ ಈಚೆಗೆ ಅಂತ ಓಡಿಹೋಗಿ ತೋಳು ಹಿಡಿದು ಎಳೆಯೋಕೂ ಸೂರ್ಯ ಸಂದಿನೊಳಗೆ ಪೂರ್ತಿ ಬರೋಕೂ ಸರಿಹೋಯಿತು. ಕಂಬ ಬುಡದಿಂದ ತುದಿವರೆಗೆ ಕೇಸರಿ ಬಣ್ಣಕ್ಕೆ ತಿರುಗಿತು. ಅಮ್ಮ ಮೆಲ್ಲಗೆ, ಮನೆಯಲ್ಲಿ ಹೇಳೋ ಹಾಗೇ ಹೇಳಿದಳು.

"ಬಂತು ಕಣೇ."

ಹೀಗಂದರೆ ನಮ್ಮನೆಯಲ್ಲಿ ಕರೆಂಟು ಬಂತು ಅಂತ. ನಾನು ತೋಳು ಬಿಟ್ಟೆ. ಕಣ್ಣು ಮುಚ್ಚಿ ಕೈಮುಗಿದೆ. ನನ್ನ ಪಕ್ಕದಲ್ಲಿ ಅವಳೂ ಮುಗಿದಿದ್ದಳು. ಬೆನ್ನ ಹಿಂದೆ ಕ್ಯಾಮೆರಾ ಚಕ್ ಚಕ್ ಚಕ್ ಅಂತ ಮಗ್ಗದ ಲಾಳಿ ಓಡಿದ ಹಾಗೆ ಓಡಿ ನಿಂತಿತು. ಕಣ್ಣು ಬಿಟ್ಟಾಗ ಸೂರ್ಯ ಮೋಡದೊಳಕ್ಕೆ ಹೋಗಿದ್ದ. ಆಮೇಲೆ ಮಳೆಯೇ ಬಂತು.

ಎಲ್ಲಾ ಫೋಟೋದಲ್ಲೂ ಒಂದೇ. ಎಡಕ್ಕೆ ಕಂಬ, ಬಲಕ್ಕೆ ನಮ್ಮ ಎರಡು ಬೆನ್ನು, ಮಧ್ಯೆ ಸೂರ್ಯ. ಅಮ್ಮನ ತುರುಬಿಗೆ ಚುಚ್ಚಿದ್ದ ಪಿನ್ನು ಕೂಡ ಸ್ಪಷ್ಟ. ಆಟೋದಲ್ಲಿ ಮತ್ತೆ ಮತ್ತೆ ಅವನ್ನೇ ತಿರುಗಿಸಿ ನೋಡಿದೆ. ಅಮ್ಮ ಎಳನೀರು ಕೊಡಿಸಿದಳು. ಅಲ್ಲಿಯದು ಕೇಸರಿ ಬಣ್ಣದ ಎಳನೀರು ಕಾಯಿ, ಕೈಯಲ್ಲಿ ಹಿಡಿದರೆ ತಪ್ಪಿಸಿಕೊಂಡ ಸೂರ್ಯನ ಹಾಗೇ ಇತ್ತು, ಹಾಗಾಗಿ ನಿಮಲ್‌ಗೆ ಕೊಟ್ಟುಬಿಟ್ಟೆ.

ಮತ್ತೆ ದೊಡ್ಡಬಳ್ಳಾಪುರ

ಬಂದ ತಕ್ಷಣ ಅಮ್ಮ ಮಂಜನಿಗೆ, ನನ್ನ ಸೀರೆ ಕಾಣ್ತಪ್ಪಾ, ಚೆನ್ನಾಗಿ ಹರಡಿದ್ದೆ ಅಂದಳು. ಮಂಜ ತಲೆ ಕೆರೆದುಕೊಂಡ. ಮರೆತೇಹೋಗಿತ್ತಂತೆ. "ಹಾಗಾದ್ರೆ ನಾನು ನೋಡಿದ್ದೇನೋ?" ಅಂತ ಅಮ್ಮ ಅವನನ್ನೇ ದಬಾಯಿಸಿದಳು.

ಕ್ಯಾಮೆರಾ ಅವನ ಕೈಗೆ ಕೊಟ್ಟು ನಾನು ಕಂಡಿಕೆ ರಾಟೆ ಪಕ್ಕ ಹೋಗಿ ಕೂತೆ. ಜನ ಬೇಡ ಅಂದಿದ್ದೆನಲ್ಲಕ್ಕ ಅಂದ. ರಘು ಮಾಡಿಸಿಕೊಟ್ಟ ಪ್ರಿಂಟನ್ನ ತಲೆಕೆಳಗು ಮಾಡಿ ನೋಡಿದ, ಮಗ್ಗದ ಕೆಳಗಿನ ಕನ್ನಡಿಗೆ ಹಿಡಿದು ನೋಡಿದ, ದೂರ ಇಟ್ಟು ನೋಡಿದ. ತುರುಬು ಚೆನ್ನಾಗಿ ಬರುತ್ತೆ ಅಂದ ಕೊನೆಗೆ. ಇನ್ನು ಬೇರೆ ಏನೂ ಇಲ್ಲವಲ್ಲ, ಇದನ್ನೇ ಹಾಕೋಣ.

ಡಿಜೈನು ಹಾಕೋರು ಕಂಪ್ಯೂಟರಲ್ಲಿ ನಮ್ಮನ್ನ ಸಣ್ಣ ಸಣ್ಣ ಚೌಕ ಮಾಡಿದರು. ನನ್ನ ಚೂಡಿದಾರ ತೆಗೆದು ಸೀರೆ ಉಡಿಸಿದರು, ನನಗೂ ಒಂದು ತುರುಬು ಕೊಟ್ಟರು. ಮಾದರಿ ಸೀರೆ ಇಳಿದ ದಿನ ಮಂಜನ ಜೊತೆ ನಾನೂ ಚಿಕ್ಕಪೇಟೆಗೆ ಹೋದೆ. ಸಾವ್ಕಾರರು ಮೊದಲು ಬೆನ್ನು ನೋಡಿದರು, ಆಮೇಲೆ ಮುಖ.

"ಯಾವ ದೇವಸ್ಥಾನದಪ್ಪಾ ಇದು?"

ನಾನು ಬಾಯಿ ತೆರೆದೆ. ಮಂಜ ನನ್ನ ಕಾಲು ತುಳಿದ. "ದಕ್ಷಿಣದ ಕಡೇದು ಸಾರ್, ಸಮುದ್ರದ ದಡದಲ್ಲಿ."

ನಾಲ್ಕು ಮಗ್ಗಕ್ಕೂ ಕೆಲಸ ಸಿಕ್ಕಿತು. ವಾಪಸ್ ಬಸ್ಸಲ್ಲಿ ಜಗಳ ಆಡಿದೆ. ಅದು ದೀಪಸ್ತಂಭ, ಹಡಗಿಗೆ ದಾರಿ ತೋರಿಸೋದು, ನಾನು ಇದನ್ನ ಪಾಠ ಮಾಡೋಳು, ಸಾವ್ಕಾರರಿಗೆ ನಿಜ ಹೇಳು ಅಂದೆ. ಮನೆಗೆ ಬಂದು ಅಮ್ಮನ ಮುಂದೆ ಪಂಚಾಯ್ತಿ ಇಟ್ಟೆ. ಅವಳು ನೂಲಿಂದ ಕಣ್ಣು ತೆಗೆಯಲಿಲ್ಲ.

"ಕಂಬ ಐತೆ, ದೀಪ ಐತೆ, ಇಬ್ರು ಕೈ ಮುಗೀತಾವ್ರೆ. ದೇವಸ್ಥಾನಕ್ಕೆ ಇನ್ನೇನು ಬೇಕೇ?"

ಪಂಚೆ ತೆಗೆದ ದಿನ ನಿಂತಿದ್ದ ಎರಡು ಮಗ್ಗಾನೂ ಒಟ್ಟಿಗೆ ಸದ್ದು ಮಾಡಿದವು. ಹಬ್ಬಕ್ಕೆ ಚಿಕ್ಕಪ್ಪ ಬಂದು ಚಿಕ್ಕಮ್ಮನಿಗೆ ಒಂದು ಬೇಕಿತ್ತು ಅಂದರು. ಲೈಟು ಕಂಬದ್ದಾ ಅಂತ ಕೇಳಿದೆ. ಅದೇ, ಆ ಕಂಬದ್ದು ಅಂತ ಗೋಡೆ ಕಡೆ ನೋಡಿದರು.

ತ್ಯಾಮಗೊಂಡ್ಲು, ಊಟದ ಸಾಲು

ಆಮೇಲೆ ನಮ್ಮ ಸ್ಕೂಲಿನವರೊಬ್ಬರ ಮನೆ ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತರೆ ನನ್ನ ಎಲೆಯ ಪಕ್ಕಕ್ಕೇ ಅಮ್ಮನ ತುರುಬು ಬಂತು. ನೋಡಿದರೆ ಪಕ್ಕದಲ್ಲಿ ಕೂತ ಹೆಂಗಸಿನ ಸೆರಗು. ಸಾರಿಗೆ ತಾಕದ ಹಾಗೆ ಅವರು ಅದನ್ನ ಮಡಿಲಿಗೆ ಎತ್ತಿಕೊಂಡರು. ತಡೆಯಲಾರದೆ, ಇದೇನು ಚಿತ್ರ ಅಂತ ಕೇಳಿದೆ.

ನಿಮಗೆ ಗೊತ್ತಿಲ್ಲವಾ ಅಂದರು ಆಕೆ, ಪಲ್ಯ ಕಲಸುತ್ತಾ. ಅದು ಸಮುದ್ರದ ದಡದ ದೀಪದ ಕಂಬವಂತೆ, ಬಹಳ ಶಕ್ತಿ ಇರೋ ಜಾಗವಂತೆ. ಬೆಳಗ್ಗೆ ಸೂರ್ಯ ಕಂಬದ ಪಕ್ಕಕ್ಕೆ ಬಂದಾಗ ಕೈಮುಗಿದರೆ ನಿಂತುಹೋದ ಕೆಲಸ ಮತ್ತೆ ನಡೆಯುತ್ತಂತೆ. ಅವರ ಓರಗಿತ್ತಿ ಕಡೆಯವರು ಹೋಗಿಬಂದಿದ್ದಾರಂತೆ. ಈ ಇಬ್ಬರು ಯಾರು ಅಂದೆ. ಅಕ್ಕ ತಂಗಿ ದೇವರು ಅಂದರು, ದಪ್ಪಗಿರೋಳು ತಂಗಿಯಂತೆ.

ದಪ್ಪಗಿರೋಳು ನಾನು. ಗಂಟಲವರೆಗೂ ಪಾಠ ಬಂತು. ಕಡಲು, ಹಡಗು, ಅಕ್ಷಾಂಶ, ರೇಖಾಂಶ, ಎಲ್ಲ ಸಾಲಾಗಿ ಬಂದು ನಿಂತವು. ಅವರ ಮಡಿಲಲ್ಲಿ ಸೆರಗು ಸ್ವಲ್ಪ ಮಗುಚಿಕೊಂಡಿತ್ತು. ಬೆನ್ನು ನೋಡಿದೆ. ಒಂದು ನೂಲೂ ಎದ್ದಿರಲಿಲ್ಲ.

"ಯಾಕೆ ಮೇಡಂ, ನೀವೂ ಹೋಗಿದೀರಾ?" ಅಂದರು.

"ಹೋಗಿದ್ದೆ. ಅಮ್ಮನ್ನ ಕರ್ಕೊಂಡು."

ಅವರು ಊಟ ನಿಲ್ಲಿಸಿ ಪೂರ್ತಿ ನನ್ನ ಕಡೆ ತಿರುಗಿದರು. "ದರ್ಶನ ಆಯ್ತಾ?"

"ಮೊದಲನೇ ದಿನ ಆಗ್ಲಿಲ್ಲ," ಅಂದೆ. "ಎರಡನೇ ದಿನ ಆಯ್ತು."